ಸಾಹೇಬರ ಕರಿಕೆ

ಹನ್ನೊಂದು ದಿನ ಸಯನ್ನಿನ ಆಸ್ಪತ್ರೆಯಲ್ಲಿ ಕಾಮಾಲೆಯಾಗಿ ಮಲಗಿದ್ದ ಸಾಯಬಣ್ಣ, ಹೆಂಡತಿ ಹಾಲವ್ವನ ಹೆಗಲು ಹಿಡಿದುಕೊಂಡು ಮುಲುಂಡ್ ಸ್ಟೇಷನ್ನಿನಲ್ಲಿ ಇಳಿದಾಗ ಅವನ ತಲೆಯಲ್ಲಿದ್ದದ್ದು ಒಂದೇ ಚಿಂತೆ: ಲಾನ್ ಹೇಗಿದೆಯೋ. ಜೀವ ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿಯುವುದು ಬಿಟ್ಟು ಹುಲ್ಲಿನ ಚಿಂತೆಯೇ ಎಂದು ನಗಬೇಡಿ. ಆ ಹುಲ್ಲು ಹಸಿರಾಗಿದ್ದರೆ ರಮಾನಾಥ ಸಾಹೇಬರ ಬಂಗಲೆಯಲ್ಲಿ ಮಾಲಿಯ ನೌಕರಿ. ನೌಕರಿ ಇದ್ದರೆ ಬಂಗಲೆಯ ಹಿಂದಿನ ಹಂಚಿನ ಖೋಲಿಯಲ್ಲಿ ವಾಸ. ಹಿಂದಿನ ಮಾಲಿ ಗೊಬ್ಬರ ಹೆಚ್ಚು ಸುರಿದು ಒಂದು ಹಾಸಿಗೆಯಗಲ ಹುಲ್ಲು ಸುಟ್ಟಿದ್ದ. ಅದೇ ದಿನ ಸಂಜೆ ಅವನ ಹಾಸಿಗೆ, ಪಾತ್ರೆಗಳೆಲ್ಲ ರಸ್ತೆಯ ಮೇಲಿದ್ದವು. ಅವನು ಬಿಟ್ಟ ಖೋಲಿಗೇ ಸಾಯಬಣ್ಣ ಬಂದು ಸೇರಿದ್ದು. ಅದಾಗಿ ನಾಲ್ಕು ವರ್ಷ. ಈಗ ಎಪ್ಪತ್ತನೆಯ ಇಸವಿಯ ಫೆಬ್ರವರಿ.

ಬರುವ ಭಾನುವಾರ ಸಾಹೇಬರ ಮಗಳ ನಿಶ್ಚಿತಾರ್ಥ. ಅದೂ ಲಾನ್ ಮೇಲೆಯೇ, ಇನ್ನೂರು ಜನರ ಎದುರಿಗೆ. ಮನೆದೇವರಿಗೆ ಹರಕೆ ಒಪ್ಪಿಸಿ ಬರಲೆಂದು ಸಾಹೇಬರ ಕುಟುಂಬವೆಲ್ಲ ಕುಮಟೆಗೆ ಹೋಗಿತ್ತು, ಶನಿವಾರ ಬರುವುದಿತ್ತು. ಡ್ರೈವರ್ ಕಾರು ಹೊರಡಿಸುವಾಗ ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹುಲ್ಲು ಮಾತ್ರ ಜಾಗ್ರತೆ ಮಾರಾಯ. ಗಂಡಿನ ಕಡೆಯವರು ಮೊದಲು ನೋಡುವುದೇ ಅದನ್ನು" ಎಂದು ಹೇಳಿ ಹೋಗಿದ್ದರು. ಅವರು ಹೋದ ಮರುದಿನವೇ ಸಾಯಬಣ್ಣನ ಕಣ್ಣು ಹಳದಿಯಾದವು.

ಹಾಗೆಂದು ಲಾನ್ ದಿಕ್ಕಿಲ್ಲದೆ ಇರಲಿಲ್ಲ. ಕಾಯಿಲೆಯ ತಂತಿ ಸುದ್ದಿ ಮುಟ್ಟಿದ್ದೇ ತಡ, ಆಳಂದದ ಕಡೆಯ ಹಳ್ಳಿಯಿಂದ ಅಣ್ಣ ಅಣವೀರಪ್ಪ ಕೊಯ್ಲಿಗೆ ಬಂದ ಬಿಳಿಜೋಳವನ್ನು ಹೊಲದಲ್ಲೇ ಬಿಟ್ಟು ಓಡಿ ಬಂದಿದ್ದ. ತಾಯಿ ತಂದೆ ಹೋದಾಗ ಸಾಯಬಣ್ಣನಿಗೆ ಆರು ವರ್ಷ. ಅಲ್ಲಿಂದ ಮುಂದೆ ತಾನು ಅರ್ಧ ರೊಟ್ಟಿ ತಿಂದು ತಮ್ಮನಿಗೆ ಒಂದೂವರೆ ತಿನ್ನಿಸಿ ಬೆಳೆಸಿದ ಅಣ್ಣ ಅವನು. ಆಸ್ಪತ್ರೆಯ ಮಂಚದ ಪಕ್ಕ ಕೂತು ಅವನು "ನಾ ಏನ್ ಮಾಡ್ಲಿ ಹೇಳಪಾ" ಎಂದು ಕೇಳಿದಾಗ ಸಾಯಬಣ್ಣ ಜ್ವರದ ಮಂಪರಿನಲ್ಲಿ "ತ್ವಾಟ ನೋಡ್ಕೋ ಅಣ್ಣಾ, ನೀರು ಹಾಕು" ಎಂದಷ್ಟೇ ಹೇಳಿದ್ದ. ಹಾಲವ್ವ ಗಂಡನನ್ನು ನೋಡಿಕೊಳ್ಳಲು ಸಯನ್ನಿನಲ್ಲೇ ಒಬ್ಬ ನೆಂಟರ ಮನೆಯಲ್ಲಿ ಉಳಿದಳು. ಬಂಗಲೆಯಲ್ಲಿ ಇದ್ದವರು ಅಣವೀರಪ್ಪ ಮತ್ತು ಗೇಟಿನ ವಾಚ್‌ಮನ್ ಕೊರಗಪ್ಪ, ಇಬ್ಬರೇ.

ಮಂಗಳವಾರ ಮುಂಜಾನೆ ಗೇಟು ತೆರೆದ ಕೊರಗಪ್ಪ "ಹುಷಾರಾ?" ಎಂದು ಕೇಳಿ ಮುಖವನ್ನು ಬೇರೆ ಕಡೆ ತಿರುಗಿಸಿದ.

"ನಾನು ಒಂದು ಮಾತು ಕೇಳಿದೆ ಮಾರಾಯ, 'ಇದೆಂತ ಮಾಡುವುದು' ಅಂತ. ನಿನ್ನ ಅಣ್ಣ ಅಲ್ವಾ, ನೀನೇ ಹೇಳಿರಬೇಕು ಅಂತ ಸುಮ್ಮನಾದೆ," ಎಂದ.

ಸಾಯಬಣ್ಣ ಹೆಂಡತಿಯ ಹೆಗಲು ಬಿಟ್ಟು ಬಂಗಲೆಯ ಮಗ್ಗುಲು ದಾಟಿದ. ಲಾನಿನ ನಟ್ಟನಡುವೆ ಕೆಂಪು ಮಣ್ಣು ಕಂಡಿತು. ಹತ್ತು ಮೊಳ ಅಗಲ, ಹದಿನೈದು ಮೊಳ ಉದ್ದ. ಮೊಣಕಾಲಾಳ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ, ಇನ್ನೇನು ಬಿತ್ತಬಹುದು ಎನ್ನುವಂತೆ ಹದ ಮಾಡಿದ ಮಣ್ಣು. ಅದರಲ್ಲಿ ಒಂದು ಎಳೆ ಹುಲ್ಲಿರಲಿಲ್ಲ. ಕಿತ್ತ ಹುಲ್ಲೆಲ್ಲ ಕಾಂಪೌಂಡ್ ಗೋಡೆಯ ಹತ್ತಿರ ಗುಡ್ಡೆಯಾಗಿ ಬಿದ್ದು ಬಿಸಿಲಿಗೆ ಒಣಗುತ್ತಿತ್ತು. ಗುದ್ದಲಿ ಊರಿ ನಿಂತಿದ್ದ ಅಣವೀರಪ್ಪ ತಮ್ಮನನ್ನು ಕಂಡು ಮುಖವರಳಿಸಿದ.

"ಬಂದೇನಪಾ? ನೋಡಿಲ್ಲಿ, ನಾಕ ದಿನದಾಗ ಇಷ್ಟ ಆಗ್ಯದ. ಎಲ್ಲಿ ನೋಡಿದಲ್ಲಿ ಕರಿಕಿ ತಮ್ಮಾ! ನಿನ್ನ ಹೊಲಾ ಪೂರಾ ನುಂಗಿಬಿಟ್ಟಿತ್ತು. ಜಡ್ಡಿನ ಮನಿಶ್ಯಾ, ನೀ ಹ್ಯಾಂಗ ನೋಡ್ತಿ ಪಾಪ. ಸಾಹೇಬ ಬಂದು ನೋಡಿದ್ರ ಬೈದಾನು ಅಂತ ಬುಡಕ್ಕೇ ಕೈ ಹಾಕೀನಿ. ಒಂದ ಗಂಟು ಒಳಗ ಬಿಟ್ಟಿಲ್ಲ. ನಾಳಿಗಿ ಗುಡ್ಡಿಗೆ ಬೆಂಕಿ ಹಚ್ಚಿದ್ರ ಆತು."

ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಆದರೆ ಅಣವೀರಪ್ಪನ ತಪ್ಪು ಹಿಡಿಯುವ ಮೊದಲು ಅವನ ಸೀಮೆಯನ್ನು ತಿಳಿಯಬೇಕು. ಕರಿಮಣ್ಣಿನ ರೈತನಿಗೆ ಕರಿಕೆ ಹುಟ್ಟುಹಗೆ. ಪೇಟೆಯವರು ಗಣಪತಿಗೆ ಏರಿಸುವ ಗರಿಕೆಯೇ ಅದು, ಆದರೆ ಹೊಲ ಹೊಕ್ಕಿತೋ ಜೋಳ ಏಳುವುದಿಲ್ಲ. ಅದು ಕುಂಟೆಗೂ ನೇಗಿಲಿಗೂ ಬಗ್ಗುವುದಲ್ಲ. ಸುಡು ಬೇಸಿಗೆಯಲ್ಲಿ ಗಂಡಾಳುಗಳು ಸಾಲುಗಟ್ಟಿ ನಿಂತು ಆಳಕ್ಕೆ ಅಗೆದು, ಬೇರು ಆರಿಸಿ, ಒಣಗಿಸಿ ಸುಡಬೇಕು. ಆ ಕೆಲಸದಲ್ಲಿ ಅಣವೀರಪ್ಪನಿಗೆ ಸುತ್ತ ಏಳು ಹಳ್ಳಿಯಲ್ಲಿ ಹೆಸರು. ಹೊಲದಲ್ಲಿ ಕರಿಕೆ ಬಿಟ್ಟುಕೊಂಡವನನ್ನು ಮೈಗಳ್ಳನೆಂದು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುವ ಊರು ಅವರದು.

ಆ ಊರಿಗೆ ಕಾಗದ ಬರೆಸುವಾಗಲೆಲ್ಲ ಸಾಯಬಣ್ಣ 'ಸಾಹೇಬರ ತೋಟದಲ್ಲಿ ಕೆಲಸ' ಎಂದು ಬರೆಸುತ್ತಿದ್ದ. ಏನು ಬೆಳೆಯುತ್ತೇನೆಂದು ಮಾತ್ರ ನಾಲ್ಕು ವರ್ಷದಲ್ಲಿ ಒಮ್ಮೆಯೂ ಬರೆಸಿರಲಿಲ್ಲ. ನಿಂಬೆ, ಪೇರಲ ಎಂದು ಅವರು ತಿಳಿದುಕೊಂಡರೆ ತಿಳಿದುಕೊಳ್ಳಲಿ. ಕರಿಕೆಗೆ ಕೋಳಿ ಕೂಗುವಾಗ ಎದ್ದು ನೀರು ಹನಿಸುತ್ತೇನೆ, ಜರಡಿ ಹಿಡಿದ ಗೊಬ್ಬರ ಉಣಿಸುತ್ತೇನೆ, ಅದರ ನಡುವೆ ಬೇರೆ ಕಳೆ ಬಂದರೆ ಮೊಣಕಾಲೂರಿ ಕೀಳುತ್ತೇನೆ, ವಾರಕ್ಕೊಮ್ಮೆ ಮಷೀನು ತಳ್ಳಿ ತುದಿಯನ್ನಷ್ಟೇ ಕತ್ತರಿಸುತ್ತೇನೆ ಎಂದು ಯಾವ ಬಾಯಿಂದ ಹೇಳುವುದು? ಅವನಿಗೆ ನಾಚಿಕೆಯಾಗಿತ್ತು. ಒಂದು ಮಾತು ಮೊದಲೇ ಹೇಳಿದ್ದರೆ ಅಣ್ಣ ಗುದ್ದಲಿ ಮುಟ್ಟುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

"ಅಣ್ಣಾ, ಇಲ್ಲಿ ಅದೇ ಬೆಳಿ," ಎಂದ ಸಾಯಬಣ್ಣ.

"ಯಾವುದು?"

"ಕರಿಕಿ. ಸಾಹೇಬ್ರು ನನಗ ಪಗಾರ ಕೊಡೂದು ಕರಿಕಿ ಬೆಳೀಲಿಕ್ಕ."

ಅಣವೀರಪ್ಪ ನಕ್ಕ. ಜ್ವರ ಇನ್ನೂ ತಲೆಯಲ್ಲಿದೆ ಎಂದುಕೊಂಡು ತಮ್ಮನ ಹಣೆ ಮುಟ್ಟಿ ನೋಡಿದ. ಆಮೇಲೆ ಹಾಲವ್ವನ ಕಡೆ ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅವನ ನಗು ಅಲ್ಲಿಗೇ ನಿಂತಿತು.

"ದನಾ ಸಾಕ್ಯಾರೇನು ಇವರು?"

"ಇಲ್ಲ."

"ಮತ್ತ ಯಾತಕ್ಕ?"

"ನೋಡ್ಲಿಕ್ಕ, ಅಣ್ಣಾ. ಬರೇ ನೋಡ್ಲಿಕ್ಕ. ಐತವಾರ ಇದರ ಮ್ಯಾಲ ಮಗಳ ನಿಶ್ಚಯ ಅದ. ಸಾಹೇಬ್ರು ಇದನ್ನ ನೋಡಿದ್ರ ಅವತ್ತೇ ನಮ್ಮನ್ನ ಹೊರಗ ಹಾಕ್ತಾರ."

"ನೋಡ್ಲಿಕ್ಕ," ಎಂದು ಅಣವೀರಪ್ಪ ತನ್ನಷ್ಟಕ್ಕೆ ಹೇಳಿಕೊಂಡ. ಅಗೆದ ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ತಾನು ತಮ್ಮನ ಅನ್ನದ ಮೇಲೆಯೇ ಗುದ್ದಲಿ ಹಾಕಿದೆ ಎಂಬುದು ಅವನಿಗೆ ತಿಳಿಯಿತು. ಅಳುವ ಗಂಡಸಲ್ಲ ಅವನು; ರುಮಾಲು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ.

"ಎಷ್ಟ ದಿನಾ ಅದಾವ?"

"ಶುಕ್ರವಾರ ಮುಗೀಬೇಕು. ಶನಿವಾರ ಬರ್ತಾರ."

ಕಡ್ಡಿ ಊರಿ ಹುಲ್ಲು ಹಬ್ಬಿಸಬೇಕೆಂದರೆ ಎರಡು ತಿಂಗಳು ಬೇಕು. ನಾಲ್ಕು ದಿನದಲ್ಲಿ ಆಗುವ ಉಪಾಯ ಒಂದೇ: ಬೇರೆ ಎಲ್ಲಿಂದಲಾದರೂ ಬೇರು ಮಣ್ಣಿನ ಸಮೇತ ಹುಲ್ಲನ್ನು ಚೌಕ ಚೌಕವಾಗಿ ಕೊಯ್ದು ತಂದು ಹಾಸುವುದು. ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಕೊರಗಪ್ಪನೇ ದಾರಿ ತೋರಿಸಿದ. ಊರಾಚೆ ನೀರಿನ ದೊಡ್ಡ ಪೈಪ್‌ಲೈನಿನ ದಂಡೆಯ ಮೇಲೆ, ಪೈಪು ಜಿನುಗುವ ಕಡೆ, ಬೇಕಾದಷ್ಟು ಉಂಟು ಎಂದ. "ಆದರೆ ಸಾಹೇಬರು ನನ್ನನ್ನು ಕೇಳಿದರೆ ನಾನು ಎಂತದೂ ನೋಡಲಿಲ್ಲ, ಆಯ್ತಾ? ನನಗೂ ಹೊಟ್ಟೆಪಾಡು," ಎಂದೂ ಸೇರಿಸಿದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆವತ್ತು ಮಧ್ಯಾಹ್ನದಿಂದಲೇ ಅಣವೀರಪ್ಪ ಬುಟ್ಟಿ ಹೊತ್ತ. ಎರಡು ಫರ್ಲಾಂಗು ಹೋಗಿ ಸಲಿಕೆಯಿಂದ ನಾಲ್ಕು ಬೆರಳು ದಪ್ಪಕ್ಕೆ ಚೌಕ ಕೊಯ್ದು, ಒದ್ದೆ ಗೋಣಿಯಲ್ಲಿ ಮುಚ್ಚಿ, ತಲೆಯ ಮೇಲೆ ಹೊತ್ತು ತರುತ್ತಿದ್ದ. ಒಂದು ಬುಟ್ಟಿಗೆ ಆರು ಚೌಕ ಬಂದರೆ ಹೆಚ್ಚು. ಸಾಯಬಣ್ಣನಿಗೆ ನಿಂತರೆ ಕಣ್ಣುಕತ್ತಲೆ. ಅವನು ಕೂತಲ್ಲೇ ಮಣ್ಣು ಜರಡಿ ಹಿಡಿದ, ಎಮ್ಮೆಗಳ ತಬೇಲಾದಿಂದ ತಂದ ಹಳೆಯ ಸಗಣಿಗೊಬ್ಬರ ಪುಡಿ ಮಾಡಿದ. ನಲ್ಲಿ ಬರುತ್ತಿದ್ದುದು ಮುಂಜಾನೆ ಎರಡು ತಾಸು. ಅಷ್ಟರೊಳಗೆ ಹಾಲವ್ವ ಇದ್ದಬದ್ದ ಕೊಡ, ಡಬ್ಬಿ, ಬೋಗುಣಿಗಳನ್ನೆಲ್ಲ ತುಂಬಿಡುತ್ತಿದ್ದಳು.

ಹುಲ್ಲಿನ ವಿದ್ಯೆಯಲ್ಲಿ ತಾನು ಪಳಗಿದವನೆಂದು ಸಾಯಬಣ್ಣ ತಿಳಿದಿದ್ದ. ಅಣ್ಣನ ಕೈ ನೋಡಿದ ಮೇಲೆ ಆ ಹಮ್ಮು ಇಳಿಯಿತು. ಅಗೆದ ನೆಲ ಸಡಿಲವಾಗಿದ್ದರೆ ಬೇರು ಗಾಳಿಗೆ ಸಾಯುತ್ತದೆಂದು ಅಣವೀರಪ್ಪ ಮೊದಲು ನೀರು ಬಿಟ್ಟು, ತುಳಿದು, ಕಲ್ಲಿನ ರೋಲರ್ ಎಳೆದು ಗಟ್ಟಿ ಮಾಡಿದ. ಚೌಕಗಳ ನಡುವಿನ ಸಂದಿಗೆ ಒಣಗಿದ ಗುಡ್ಡೆಯೊಳಗಿಂದ ಹಸಿಯಿದ್ದ ಗಂಟುಗಳನ್ನೇ ಆರಿಸಿ ನೆಟ್ಟ.

"ಮೂವತ್ತ ವರ್ಷ ಇದರ ಜೋಡಿ ಬಡದಾಡೀನಿ. ಎಲ್ಲಿ ಮುರದ್ರ ಸಾಯ್ತದ, ಎಲ್ಲಿ ಹಿಡದ್ರ ಬದಕ್ತದ, ನನಗ ಗೊತ್ತಿಲ್ಲೇನು?" ಎಂದ. ಇನ್ನೊಂದು ಗಂಟು ಊರುತ್ತ, "ಊರಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ, ಅಣವೀರಪ್ಪ ಕರಿಕಿ ಹಚ್ಚಿದ ಅಂತ," ಎಂದಾಗ ಹಾಲವ್ವ ಆ ವಾರದಲ್ಲಿ ಮೊದಲ ಸಲ ನಕ್ಕಳು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕೆಂಪು ನೆಲವೆಲ್ಲ ಮುಚ್ಚಿತ್ತು. ಎರಡು ಸಾಲು ಮಾತ್ರ ಬಾಕಿ. ಆದರೆ ಕಣ್ಣಿಗೆ ಬೇಡವೆಂದರೂ ಕಾಣುತ್ತಿತ್ತು: ಹಳೆಯ ಹುಲ್ಲು ಸಣ್ಣ ಎಲೆಯ ದಟ್ಟ ಹಸಿರು, ದಂಡೆಯಿಂದ ತಂದದ್ದು ಒರಟು, ತುಸು ಹಳದಿ. ನಡುನಡುವೆ ಸಂದಿಗಳು. ಇನ್ನೆರಡು ಸಲ ಕತ್ತರಿಸಿ ರೋಲರ್ ಹಾಕಿದರೆ ಮರೆಯಾದೀತು, ಸಾಹೇಬರು ಬರುವುದು ನಾಳೆ ಸಂಜೆ, ಅಲ್ಲಿಯವರೆಗೆ ಸಮಯವಿದೆ ಎಂದು ಸಾಯಬಣ್ಣ ಲೆಕ್ಕ ಹಾಕುತ್ತಿರುವಾಗಲೇ ಗೇಟಿನಲ್ಲಿ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಸಾಹೇಬರು ಒಂದು ದಿನ ಮೊದಲೇ ಬಂದುಬಿಟ್ಟಿದ್ದರು, ಅದೂ ಒಬ್ಬರೇ.

ಕೊರಗಪ್ಪ ಗೇಟು ತೆರೆದು ಸಲಾಮು ಹೊಡೆದ. ಸಾಹೇಬರು ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟವರು ಒಳಗೆ ಹೋಗಲಿಲ್ಲ, ನೇರ ಲಾನಿಗೆ ಬಂದರು. ಸಾಯಬಣ್ಣ ಎದ್ದು ನಿಂತ. ಸಾಹೇಬರು ಹಳೆಯ ಹುಲ್ಲು ದಾಟಿ ಹೊಸದರ ಮೇಲೆ ಕಾಲಿಟ್ಟರು. ಬೂಟಿನ ಕೆಳಗೆ ಒಂದು ಚೌಕ ಜರುಗಿತು. ಅವರು ಬಗ್ಗಿ ಅದರ ಅಂಚನ್ನು ಎರಡು ಬೆರಳಿನಿಂದ ಎತ್ತಿದರು. ಅದು ಚಾಪೆಯ ಹಾಗೆ ಎದ್ದು ಬಂತು.

"ಇದೆಂತದು ಸಾಯಬಣ್ಣ?"

ಎದ್ದ ಚೌಕವನ್ನು ಮತ್ತೆ ಅದರ ಜಾಗಕ್ಕೆ ಒತ್ತಲೆಂದು ಸಾಯಬಣ್ಣ ಬಗ್ಗಿದ.

"ನಿನ್ನನ್ನೇ ಕೇಳಿದ್ದು. ನನ್ನ ಹುಲ್ಲು ಎಲ್ಲಿ? ಯಾರು ಅಗೆದದ್ದು?"

ಸಾಹೇಬರು ಕನ್ನಡದವರು, ಮಾಲಿಯೂ ಕನ್ನಡದವನೇ ಬೇಕೆಂದು ಹುಡುಕಿ ಇಟ್ಟುಕೊಂಡವರು. ನಾಲ್ಕು ವರ್ಷ ಅದು ಸಾಯಬಣ್ಣನ ಪುಣ್ಯವೆನಿಸಿತ್ತು. ಇವತ್ತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬೈದಿದ್ದರೆ ಅಣ್ಣನಿಗಾದರೂ ತಿಳಿಯುತ್ತಿರಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಆಗತಾನೇ ಹಿಂದಿನ ಬಾಗಿಲಿನಿಂದ ಬಂದ ಅಣವೀರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಬುಟ್ಟಿ ಇಳಿಸಿ ಮುಂದೆ ಬಂದು, ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ತಪ್ಪು ನಂದ್ರೀ ಸಾಹೇಬ್ರ. ನಾ ಕೂಲಿಯಾಂವ. ಮಾಲಿ ಸಾಹೇಬ್ರು ದವಾಖಾನಿಯೊಳಗ ಇದ್ರು. ನೀರಷ್ಟ ಹಾಕು ಅಂದಿದ್ರು. ನಾ ತಿಳೀಲಾರದ ಅಗದೆ. ಅವರದೇನೂ ತಪ್ಪಿಲ್ರಿ."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ ಸಾಯಬಣ್ಣನ ಕಡೆ ತಿರುಗಿದರು.

"ಹೌದಾ? ಯಾರು ಇವನು? ನಿನ್ನ ಜನವಾ?"

ಖೋಲಿಯ ಬಾಗಿಲಲ್ಲಿ ಹಾಲವ್ವ ನಿಂತಿದ್ದಳು. ಪೆಟ್ಟಿಗೆ ಹಿಡಿದ ಕೊರಗಪ್ಪ ತನ್ನ ಕಾಲ ಹೆಬ್ಬೆರಳು ನೋಡುತ್ತಿದ್ದ. ನನ್ನ ಅಣ್ಣ ಎಂದರೆ ಮುಗಿಯಿತು. ನಿನ್ನ ಮನೆಯವರನ್ನು ತಂದು ನನ್ನ ಲಾನ್ ಹಾಳು ಮಾಡಿಸಿದೆ ಎಂದು ಸಂಜೆಗೆ ಹಾಸಿಗೆ ರಸ್ತೆಗೆ ಬರುತ್ತದೆ. ಅಣ್ಣ ನೆಲ ನೋಡುತ್ತಿದ್ದ. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ.

"ಅಲ್ರಿ," ಎಂದ ಸಾಯಬಣ್ಣ. "ಕೂಲಿಯವರು ನಿಲ್ಲೂ ನಾಕಾದಾಗ ಸಿಕ್ಕಾಂವ್ರಿ. ಕೂಲಿಗೆ ಕರಕೊಂಡಿದ್ದೆ."

ಸಾಹೇಬರ ಸಿಟ್ಟು ಸ್ವಲ್ಪ ಇಳಿಯಿತು. ಅವರು ಮತ್ತೊಮ್ಮೆ ಬಗ್ಗಿ ಸಂದಿಯಲ್ಲಿ ನೆಟ್ಟ ಗಂಟುಗಳನ್ನು ನೋಡಿದರು. ಅವೆಲ್ಲ ಜೀವ ಹಿಡಿದಿದ್ದವು. "ಹಾಕಿದ್ದು ಮಾತ್ರ ಸಮ ಉಂಟು," ಎಂದರು. "ಭಾನುವಾರದವರೆಗೆ ಇವನನ್ನು ಬಿಡಬೇಡ. ಕುರ್ಚಿ ಹೊರುವುದಕ್ಕೂ ಜನ ಬೇಕು. ಎಂತ ಹಾಗೆ ಮಿಕಮಿಕ ನೋಡ್ತಿ? ಇಂಥವರನ್ನು ಗದರಿಸಿ ಕೆಲಸ ಮಾಡಿಸಬೇಕು. ಈ ಎರಡು ಸಾಲು ಇವತ್ತೇ ಮುಗಿಯಬೇಕು, ಹೇಳು ಅವನಿಗೆ."

ಹೇಳುವವರೆಗೆ ಸಾಹೇಬರು ಹೋಗುವ ಹಾಗೆ ಕಾಣಲಿಲ್ಲ.

"ಏ," ಎಂದ ಸಾಯಬಣ್ಣ. "ಏನ ನಿಂತೀಲೇ? ಲಗೂನ ಹಾಕು."

"ಹೂಂ ರೀ," ಎಂದು ಅಣವೀರಪ್ಪ ಬುಟ್ಟಿ ಎತ್ತಿಕೊಂಡ.

ನೌಕರಿ ಉಳಿಯಿತು. ಖೋಲಿ ಉಳಿಯಿತು. ಆ ಸಂಜೆ ಹಾಲವ್ವ ರೊಟ್ಟಿ ಬಡಿದು ಇಬ್ಬರಿಗೂ ಇಟ್ಟಳು, ಯಾರ ಮುಖವನ್ನೂ ನೋಡಲಿಲ್ಲ. ಅಣವೀರಪ್ಪ ಮಾತ್ರ ಎಂದಿನಂತೆ ಉಂಡು, ಊರಿನ ಜೋಳದ ಮಾತಾಡಿದ. ನಡೆದದ್ದರ ಸುದ್ದಿ ಎತ್ತಲಿಲ್ಲ. ತಾನಾಗಿ ಎತ್ತಬೇಕೆಂದು ಸಾಯಬಣ್ಣ ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲವೂ ರೊಟ್ಟಿಯ ತುತ್ತೇ ಒಳಗೆ ಹೋಯಿತು.

ಭಾನುವಾರ ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಹೊಸ ಹುಲ್ಲಿನ ಮೇಲೆಯೇ ಗಂಡು ಹೆಣ್ಣು ಕೂರುವ ಜಮಖಾನೆ ಹಾಸಿದರು, ಹಾಗಾಗಿ ಸಂದಿಗಳನ್ನು ಯಾರೂ ಕಾಣಲಿಲ್ಲ. ಉಳಿದ ಹುಲ್ಲನ್ನಾದರೂ ಯಾರು ನೋಡಿದರು? ಇನ್ನೂರು ಜನರ ಕಣ್ಣು ಒಡವೆಯ ಮೇಲೆ, ಬಾಯಿ ಐಸ್‌ಕ್ರೀಮಿನ ಮೇಲೆ. ಅಣವೀರಪ್ಪ ಕುರ್ಚಿ ಹೊತ್ತ, ನೀರು ಹೊತ್ತ, ಎಲ್ಲರದೂ ಆದ ಮೇಲೆ ಕೂಲಿಯವರ ಸಾಲಿನಲ್ಲಿ ಕೂತು ಉಂಡ. ಬಿಳಿ ಅಂಗಿ ತೊಟ್ಟು ಸಾಹೇಬರ ಹತ್ತಿರ ನಿಂತಿದ್ದ ಸಾಯಬಣ್ಣನಿಗೆ ಅಲ್ಲಿಂದ ಅವನ ಬೆನ್ನು ಕಾಣುತ್ತಿತ್ತು.

ಸೋಮವಾರ ಹತ್ತು ಗಂಟೆಗೆ ಅಣ್ಣನನ್ನು ಕಳಿಸಲು ಸಾಯಬಣ್ಣ ಮುಲುಂಡ್ ಸ್ಟೇಷನ್ನಿಗೆ ಬಂದ. ಕಲ್ಯಾಣಕ್ಕೆ ಲೋಕಲ್, ಅಲ್ಲಿಂದ ಗುಲಬರ್ಗಾಕ್ಕೆ ಗಾಡಿ. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅವನು ಕೊನೆಗೂ ಬಾಯಿಬಿಟ್ಟ.

"ಅಣ್ಣಾ, ನಿನಗ ನಾ 'ಲೇ' ಅಂದೆ."

"ಅಂದ್ರ ಏನಾತು? ನಾನ ಹಾಳ ಮಾಡಿದ್ದೆ, ನಾನ ಸರಿ ಮಾಡ್ದೆ. ನಿನ್ನ ಸಂಸಾರ ಉಳೀತಲ್ಲ, ಸಾಕು."

ಸಾಯಬಣ್ಣನ ಕಣ್ಣು ತುಂಬಿದವು. ಊರಿನಲ್ಲಿ ಅಣ್ಣನನ್ನು ಬೀಳ್ಕೊಡುವಾಗ ಮಾಡುತ್ತಿದ್ದಂತೆ ಕಾಲು ಮುಟ್ಟಲೆಂದು ಅವನು ಬಗ್ಗಿದ. ಅಣವೀರಪ್ಪ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದ.

"ಏ ಬ್ಯಾಡ, ಬ್ಯಾಡ! ಅಲ್ಲಿ ನಿಮ್ಮ ಬಂಗಲೇದ ಡ್ರೈವರ್ ನಿಂತಾನ ನೋಡು. ಕೂಲಿಯಾಂವನ ಕಾಲಿಗೆ ಬೀಳ್ತಿ ಅಂದ್ರ ಹೋಗಿ ಹೇಳ್ಯಾನು. ನಿನ್ನ ನೌಕರಿಗೆ ಕುತ್ತು."

ಅದರಲ್ಲಿ ಕೊಂಕಿರಲಿಲ್ಲ. ಅವನ ಮುಖದಲ್ಲಿ ಇದ್ದದ್ದು ತಮ್ಮನ ಮೇಲಿನ ಕಾಳಜಿಯೊಂದೇ. ಅಣ್ಣ ಬೈದಿದ್ದರೆ, ಎರಡು ಏಟು ಹಾಕಿದ್ದರೆ, ಸಾಯಬಣ್ಣ ಎಷ್ಟೋ ಸುಖಪಡುತ್ತಿದ್ದ.

ಲೋಕಲ್ ಬಂತು. ಅಣವೀರಪ್ಪ ಗಂಟು ಎತ್ತಿಕೊಂಡು ನೂಕುನುಗ್ಗಲಿನಲ್ಲಿ ಒಳಗೆ ಹೊಕ್ಕ. ಸಾಯಬಣ್ಣ ಆಗ ತಿರುಗಿ ನೋಡಿದ. ಪೇಪರ್ ಅಂಗಡಿಯ ಹತ್ತಿರ ಖಾಕಿ ಅಂಗಿ ತೊಟ್ಟು ನಿಂತಿದ್ದವನು ಬಂಗಲೆಯ ಡ್ರೈವರ್ ಆಗಿರಲಿಲ್ಲ, ಯಾರೋ ಗುರುತಿಲ್ಲದ ಮನುಷ್ಯ. ಆದರೆ ಅಣ್ಣ ಡ್ರೈವರ್ ಎಂದದ್ದೇ ತಡ, ಅದು ಯಾರೆಂದು ನೋಡುವುದಕ್ಕೂ ಮೊದಲೇ, ತಾನು ಬಗ್ಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡಿದ್ದು ಸಾಯಬಣ್ಣನಿಗೆ ಗೊತ್ತಿತ್ತು. ಅಣ್ಣನೂ ಅದನ್ನು ನೋಡಿದ್ದ.